ನೆರೆಯ ಎರಡು ರಕಾರ

ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಕೃಷ್ಣೆ ಉಕ್ಕಿದಾಗ ನಮ್ಮ ಪತ್ರಿಕೆಗಳ ತಲೆಬರಹ ಬರೆಯುವವರಿಗೆ ಸಣ್ಣ ಫಜೀತಿ. ನೆರೆ ರಾಜ್ಯದ ಮಳೆಯಿಂದ ಇಲ್ಲಿ ನೆರೆ! ಮೊದಲನೆಯದು ಪಕ್ಕದ್ದು, ಎರಡನೆಯದು ಪ್ರವಾಹ.

ಹಳಗನ್ನಡಕ್ಕೆ ಎರಡು ರಕಾರಗಳಿದ್ದವು. ತುಂಬು, ಪೂರ್ಣವಾಗು ಎನ್ನಲು ಶಕಟರೇಫದ ‘ನೆಱೆ’. ಸೇರು, ಕೂಡು, ಹತ್ತಿರ ಎನ್ನಲು ಸಾದಾ ರೇಫದ ‘ನೆರೆ’. ‘ಱ’ ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ವೇಷ ತೊಟ್ಟವು. ಜೊತೆಗಾರ ‘ಹೊರೆ’ಯದೂ ಇದೇ ಪಾಡು: ಪಕ್ಕ ಎಂಬರ್ಥದ ಪೊರೆ, ಭಾರ ಎಂಬರ್ಥದ ಪೊಱೆ ಈಗ ಒಂದೇ. ನೆರೆಹೊರೆ ಎಂದರೆ ಪ್ರವಾಹ ಮತ್ತು ಭಾರ ಎಂದು ಯಾರಾದರೂ ಅರ್ಥ ಬಿಡಿಸಿದರೆ ವ್ಯಾಕರಣ ಬಲ್ಲವರು ನಕ್ಕಾರು. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಗಳ ಕಂಡವರು ತಲೆದೂಗುತ್ತಾರೆ.

ನನಗೆ ಇಷ್ಟವಾದದ್ದು ‘ನೆರೆ’ ಪದದೊಳಗಿನ ಕ್ರಿಯೆ. ಜಾತ್ರೆಗೆ ಜನ ನೆರೆಯುತ್ತಾರೆ. ನೆರವಿ, ನೆರವು ಅದೇ ಬಳ್ಳಿಯವು. ‘ಪಕ್ಕದ ಮನೆಯವರು’ ಎಂದಾಗ ನಡುವೆ ಗೋಡೆ ಇರುತ್ತದೆ. ‘ನೆರೆಯವರು’ ಎಂದಾಗ ಯಾರೋ ಎದ್ದು ಬಂದಿರುತ್ತಾರೆ. ಆಡುಮಾತಿನಲ್ಲಿ ಮಾತ್ರ ಪದ ಸೊರಗಿದೆ. ಕರಾವಳಿಯಲ್ಲಿ ‘ನೆರೆಕರೆ’ ಇನ್ನೂ ಗಟ್ಟಿಯಾಗಿದೆ. ಉತ್ತರ ಕರ್ನಾಟಕದಲ್ಲಿ ‘ಆಜೂಬಾಜೂ ಮಂದಿ’, ಮೈಸೂರು ಕಡೆ ‘ಅಕ್ಕಪಕ್ಕದೋರು’. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಮನುಷ್ಯರಿಗೆ ಬಾಗಿಲ ನಂಬರೇ ಹೆಸರು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಸುತ್ತ ನೀರು ನುಗ್ಗಿ, ಕಾರುಗಳೆಲ್ಲ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಒಂದೇ ಟ್ರ್ಯಾಲಿಯಲ್ಲಿ ನಿಂತಾಗ ಎಷ್ಟು ನಂಬರುಗಳಿಗೆ ಮುಖ ಬಂತೋ!

ಹಿಂದೆ ಎಲ್ಲವೂ ಚೆನ್ನಾಗಿತ್ತು ಎಂಬ ಹಾಡು ಬೇಡ. ಹೆಪ್ಪಿಗೆ ಮೊಸರು ಕೇಳಿಕೊಂಡು ಹೋಗುವುದು, ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸದಿರುವುದು, ಸಂಕ್ರಾಂತಿಗೆ ಎಳ್ಳು ಬೀರುವುದು ಎಲ್ಲ ನಿಜ. ಆದರೆ ಎಳ್ಳು ಯಾವ ಮನೆಯವರೆಗೆ ಹೋಗುತ್ತಿತ್ತು, ಎಲ್ಲಿಂದ ಹಿಂದೆ ತಿರುಗುತ್ತಿತ್ತು ಎಂಬುದೂ ಊರಿಗೆ ಗೊತ್ತಿತ್ತು. ಕೇರಿ ಎಂಬ ಪದದ ಹಿಂದೆ ಜಾತಿಯ ಹೆಸರು ಸಲೀಸಾಗಿ ಕೂತುಬಿಡುತ್ತದೆ. ಹೊಸದಾಗಿ ಬಂದವರಿಗೆ ಮೊದಲ ಪ್ರಶ್ನೆ ‘ನೀವು ಯಾವ ಜನ?’ ಅದನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಮನೆ ಮಾಲೀಕರು ಈಗ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡು ತೂಗುಹಾಕುತ್ತಾರೆ. ನೆರೆಗೆ ಇಂಥ ವಿಶೇಷಣ ಅಂಟಿಲ್ಲ. ಆ ಮಟ್ಟಿಗೆ ಅದು ನಮಗಿಂತ ಸಭ್ಯ ಪದ.

ಹೊಸಬರಿಗೆ ಸ್ವಾಗತವೆಂದರೆ ಹಾರ ತುರಾಯಿ ಏನಲ್ಲ. ನಿಮ್ಮ ಬೀದಿಯಲ್ಲಿ ಲಾರಿ ನಿಂತು ಬೀರು, ಮಂಚ ಇಳಿಯುತ್ತಿದ್ದರೆ ಒಂದು ಚೊಂಬು ನೀರು ಹಿಡಿದು ಹೋಗಿ. ಕಾವೇರಿ ನೀರು ಯಾವ ದಿನ ಬಿಡುತ್ತಾರೆ, ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಕರೆದರೆ ಬರುವ ಪ್ಲಂಬರ್ ಯಾರು, ಇಷ್ಟು ಹೇಳಿ. ಯಾವ ಜನ ಎಂದು ಮಾತ್ರ ಕೇಳಬೇಡಿ. ಹೆಸರು ಕೇಳಿ, ಸಾಕು.