ಮಾನವ–ಗಣಕ ಸಂವಹನ: ಬೆಂಗಳೂರಿನಲ್ಲಿ ಪಿಎಚ್‌.ಡಿ.

ಜನ ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಎಂದು ಗಮನಿಸಿ ಯಂತ್ರವನ್ನು ಅವರಿಗೆ ಒಗ್ಗಿಸುವ ಸಂಶೋಧನಾ ಕ್ಷೇತ್ರವೇ ಮಾನವ–ಗಣಕ ಸಂವಹನ. ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬೆಂಗಳೂರು (ಸ್ಥಾಪನೆ 1999) ಪಿಎಚ್‌.ಡಿ. ನೀಡುತ್ತದೆ; ತಂತ್ರಜ್ಞಾನ–ಸಮಾಜದ ನಂಟು ಅಲ್ಲಿನ ಸಂಶೋಧನೆಯ ಒಂದು ಕವಲು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ಪ್ರಯೋಗಾಲಯ ಕಣ್ಣೋಟದಿಂದಲೇ ಪರದೆಯನ್ನು ನಿಯಂತ್ರಿಸುವ ವಿಧಾನಗಳನ್ನು ಕಾಕ್‌ಪಿಟ್‌, ಕಾರು ಹಾಗೂ ಕೈ ಆಡಿಸಲಾಗದವರಿಗಾಗಿ ರೂಪಿಸಿದೆ.

ಬೆಂಗಳೂರಿನಲ್ಲೇ 2005ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಪದವಿ ಕೊಡದು. ಆದರೂ ಇಲ್ಲಿನ ಅತ್ಯಂತ ಮಣ್ಣಿನ ವಾಸನೆಯ ಕೆಲಸ ಅದರದೇ ಎನ್ನಬೇಕು. ಹಲವು ಮಕ್ಕಳು ಒಂದೇ ಕಂಪ್ಯೂಟರನ್ನು ಹಂಚಿಕೊಳ್ಳುತ್ತಿದ್ದ ಹಳ್ಳಿ ಶಾಲೆಗಳಲ್ಲಿ ಮೌಸ್ ಹಿಡಿದ ಮಗುವಿನದೇ ದರ್ಬಾರು, ಉಳಿದವರು ಬರೀ ನೋಡುವವರು. ಇದನ್ನು ಕಂಡ ಸಂಶೋಧಕರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪ್ರತಿ ಮಗುವಿಗೂ ಪರದೆಯ ಮೇಲೆ ಬೇರೆ ಬಣ್ಣದ ಬಾಣ ಕೊಟ್ಟರು. ‘ಮಲ್ಟಿಪಾಯಿಂಟ್’ ಎಂಬ ಈ ತಂತ್ರ ಹುಟ್ಟಿದ್ದು ಹಾಗೆ.