ಸರಿಯುವ ವಿದ್ಯುದುಪಕರಣಗಳೂ ಕೇಬಲ್ಲುಗಳ ವ್ಯವಸ್ಥೆಯೂ: ಒಂದು ಐತಿಹಾಸಿಕ ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಆವಿಷ್ಕಾರಗಳ ಚರಿತ್ರೆಯನ್ನೇ ಬರೆಯುತ್ತ ಬಂದಿದ್ದಾರೆ. ಟೆಲಿಫೋನನ್ನು ಯಾರು ಕಂಡುಹಿಡಿದರು, ಗಣಕಯಂತ್ರವು ಎಂದು ಸಿದ್ಧವಾಯಿತು ಎಂಬ ಪ್ರಶ್ನೆಗಳಿಗೆ ನಮ್ಮ ಪಠ್ಯಗ್ರಂಥಗಳಲ್ಲಿ ಉತ್ತರ ದೊರೆಯುತ್ತದೆ. ಆದರೆ ಆ ಯಂತ್ರವು ಕೆಟ್ಟುನಿಂತಾಗ ಅದನ್ನು ಹೊರಕ್ಕೆ ತೆಗೆದು ಸರಿಪಡಿಸಿದವರು ಯಾರು, ಅವರ ಕೈಗೆ ಅದು ಎಟುಕುವಂತೆ ಮಾಡಿದ ಏರ್ಪಾಡು ಯಾವುದು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನದಲ್ಲಿ ನಾವು ಈ ಉಪೇಕ್ಷಿತ ವಿಷಯದ ಒಂದು ಭಾಗವನ್ನು, ಎಂದರೆ ಚೌಕಟ್ಟಿನಲ್ಲಿ ನಿಂತ ವಿದ್ಯುದುಪಕರಣಗಳಿಗೆ ಕೇಬಲ್ಲುಗಳನ್ನು ಹೊಂದಿಸಿದ ಕ್ರಮವನ್ನು, ಪರಿಶೀಲಿಸಲು ಯತ್ನಿಸುವೆವು.

ಸಮಸ್ಯೆಯ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಚೌಕಟ್ಟು ಸ್ಥಿರವಾದುದು, ಅದರೊಳಗಣ ಉಪಕರಣವಾದರೋ ಮೇಜಿನ ಸೆಳೆಖಾನೆಯಂತೆ ಮುಂದಕ್ಕೆ ಸರಿದು ಬರಬೇಕಾದುದು. ಉಪಕರಣದ ಬೆನ್ನಿಗೆ ವಿದ್ಯುತ್ತನ್ನೂ ಸಂಕೇತಗಳನ್ನೂ ಒಯ್ಯುವ ಕೇಬಲ್ಲುಗಳು ಅಂಟಿಕೊಂಡಿರುತ್ತವೆ. ಅವು ಗಿಡ್ಡವಾಗಿದ್ದರೆ ಉಪಕರಣವನ್ನು ಎಳೆದೊಡನೆ ಕಿತ್ತುಬರುತ್ತವೆ. ಉದ್ದವಾಗಿದ್ದರೆ ಒಂದಕ್ಕೊಂದು ತೊಡಕಿಕೊಂಡು, ಜಾರುಪಟ್ಟಿಯ ಸಂದಿನಲ್ಲಿ ಸಿಕ್ಕಿ ಸವೆಯುತ್ತವೆ. ಈ ಇಕ್ಕಟ್ಟಿಗೆ ಕಳೆದ ಶತಮಾನದಲ್ಲಿ ಮೂರು ಬಗೆಯ ಪರಿಹಾರಗಳು ಹೊರಟುವೆಂಬುದು ನಮ್ಮ ಅಭಿಪ್ರಾಯ. ಬದಲಾಗುವ ತಂತಿಯನ್ನು ಬದಲಾಗದ ತಂತಿಯಿಂದ ಬೇರ್ಪಡಿಸುವುದು ಒಂದು. ಉಪಕರಣವು ಹೊರಬರುವಾಗ ಸಂಪರ್ಕವೇ ಕಳಚಿಕೊಳ್ಳುವಂತೆ ಮಾಡುವುದು ಎರಡು. ಉಪಕರಣದೊಡನೆ ಕೇಬಲ್ಲೂ ಚಲಿಸುವಂತೆ ಮಾಡುವುದು ಮೂರು.

1. ಟೆಲಿಫೋನ್ ವಿನಿಮಯಕೇಂದ್ರ

ಜಗತ್ತಿನ ಮೊದಲ ವಾಣಿಜ್ಯ ಟೆಲಿಫೋನ್ ವಿನಿಮಯಕೇಂದ್ರವು 1878ರ ಜನವರಿ 28ರಂದು ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಆರಂಭವಾಯಿತು. ಅದರ ಚಂದಾದಾರರು ಕೇವಲ 21. ಜಾರ್ಜ್ ಕಾಯ್ ಎಂಬಾತನು ಅದರ ಫಲಕವನ್ನು ಗಾಡಿಯ ಬೋಲ್ಟುಗಳು, ಚಹಾಪಾತ್ರೆಯ ಮುಚ್ಚಳದ ಹಿಡಿಗಳು ಮೊದಲಾದ ಸಾಮಾನ್ಯ ಸಾಮಗ್ರಿಗಳಿಂದಲೇ ಜೋಡಿಸಿದನೆಂದು ತಿಳಿದುಬರುತ್ತದೆ. ಇಷ್ಟು ಸಣ್ಣ ಫಲಕಕ್ಕೆ ತಂತಿವ್ಯವಸ್ಥೆಯೆಂಬ ಪ್ರತ್ಯೇಕ ಶಾಸ್ತ್ರವು ಬೇಕಿರಲಿಲ್ಲ. ಆದರೆ ಚಂದಾದಾರರು ಸಾವಿರಗಟ್ಟಲೆಯಾದಾಗ ತಂತಿಗಳ ರಾಶಿಯೇ ಒಂದು ವಿಪತ್ತಾಯಿತು. ಒಬ್ಬನು ಮನೆ ಬದಲಾಯಿಸಿದರೆ ಅವನ ತಂತಿಯನ್ನು ಸಾವಿರ ತಂತಿಗಳ ನಡುವೆ ಹುಡುಕಿ ತೆಗೆಯಬೇಕಾಗುತ್ತಿತ್ತು.

ಇದಕ್ಕೆ ದೊರೆತ ಉತ್ತರವೇ ಮುಖ್ಯ ವಿತರಣ ಚೌಕಟ್ಟು. ಇದರ ಒಂದು ಪಾರ್ಶ್ವದಲ್ಲಿ ಊರಿನಿಂದ ಬಂದ ಕೇಬಲ್ಲುಗಳೂ ಇನ್ನೊಂದು ಪಾರ್ಶ್ವದಲ್ಲಿ ಕೇಂದ್ರದ ಯಂತ್ರಗಳಿಂದ ಬಂದ ಕೇಬಲ್ಲುಗಳೂ ಕೊನೆಗೊಳ್ಳುತ್ತವೆ. ಎರಡನ್ನೂ ಒಮ್ಮೆ ಕಟ್ಟಿ ಮುಗಿಸಿದ ಮೇಲೆ ಮುಟ್ಟುವ ಅಗತ್ಯವಿಲ್ಲ. ನಡುವೆ ಹಾಯ್ದುಹೋಗುವ ತೆಳುವಾದ ಜಂಪರ್ ತಂತಿಯೊಂದೇ ಬದಲಾಗತಕ್ಕುದು. ಬದಲಾವಣೆಯನ್ನು ತಡೆಯದೆ ಅದಕ್ಕೊಂದು ನಿಯತವಾದ ಸ್ಥಳವನ್ನು ಗೊತ್ತುಮಾಡಿದುದೇ ಈ ಚೌಕಟ್ಟಿನ ಹಿರಿಮೆ. ಆದರೂ ದೋಷವು ಸಂಪೂರ್ಣವಾಗಿ ನೀಗಲಿಲ್ಲ. ಹೊಸ ಜಂಪರನ್ನು ಹಾಕಿದವನು ಹಳೆಯದನ್ನು ತೆಗೆಯದೆ ಬಿಟ್ಟರೆ, ಸತ್ತ ತಂತಿಗಳು ಜೀವಂತ ತಂತಿಗಳ ಮೇಲೆ ಪದರಪದರವಾಗಿ ಬೆಳೆಯುತ್ತಿದ್ದುವು.

ಕಟ್ಟುವ ಕೆಲಸವೂ ಕೈಕಸುಬೇ ಆಗಿತ್ತು. ಮೇಣ ಸವರಿದ ದಾರದಿಂದ ತಂತಿಗಳ ಕಂತೆಯನ್ನು ಸಮಾನ ಅಂತರಗಳಲ್ಲಿ ಗಂಟುಹಾಕಿ ಬಿಗಿಯುವುದು ಟೆಲಿಗ್ರಾಫಿನ ಕಾಲದಿಂದ ಬಂದ ರೂಢಿ. 1956ರಲ್ಲಿ ಥಾಮಸ್ ಅಂಡ್ ಬೆಟ್ಸ್ ಸಂಸ್ಥೆಯ ಮಾರಸ್ ಲೋಗನ್ ಎಂಬಾತನು ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಈ ಗಂಟುಗಳನ್ನು ಬಿಗಿದು ಬಿಗಿದು ಕೆಲಸಗಾರರ ಕೈಗಳು ಜಡ್ಡುಗಟ್ಟಿದುದನ್ನು ಕಂಡನು. 1958ರಲ್ಲಿ ಬಂದ ಆತನ ಕಟ್ಟುಪಟ್ಟಿಯು ಇಂದು ಎಲ್ಲೆಲ್ಲಿಯೂ ಬಳಕೆಯಲ್ಲಿರುವ ಪ್ಲಾಸ್ಟಿಕ್ ಕಟ್ಟುಪಟ್ಟಿಗಳ ಪೂರ್ವಜ.

2. ಕಳಚಿಕೊಳ್ಳುವ ಸಂಪರ್ಕ

ಅಲ್ಮನ್ ಸ್ಟ್ರೋಜರನ ಸ್ವಯಂಚಾಲಿತ ಪದ್ಧತಿಗೆ 1891ರಲ್ಲಿ ಪೇಟೆಂಟು ದೊರೆತು, 1892ರ ನವೆಂಬರಿನಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟಿನಲ್ಲಿ ಅದರ ಮೊದಲ ಕೇಂದ್ರವು ತೆರೆಯಿತು. ಈ ಪದ್ಧತಿಯು ಪ್ರೌಢವಾದಾಗ ಅದರ ಆಯ್ಕೆಗಾರಯಂತ್ರವು ಮೊದಲು ಮೇಲಕ್ಕೆ ಹತ್ತು ಮೆಟ್ಟಿಲುಗಳಲ್ಲಿ ಒಂದನ್ನು ಏರಿ, ಬಳಿಕ ಸುತ್ತ ತಿರುಗಿ ಹತ್ತರಲ್ಲಿ ಒಂದು ಬಿಂದುವನ್ನು ಮುಟ್ಟುವಂತಾಯಿತು. ಚಲಿಸುವ ಭಾಗಗಳುಳ್ಳುದರಿಂದ ಸವೆತವೂ ಅನಿವಾರ್ಯ. ಒಂದು ಕೇಂದ್ರದಲ್ಲಿ ಇಂತಹ ನೂರಾರು ಯಂತ್ರಗಳಿರುವಾಗ, ಒಂದನ್ನು ಸರಿಪಡಿಸಲು ಉಳಿದವುಗಳ ತಂತಿಯನ್ನು ಬಿಚ್ಚುವುದು ಸಾಧ್ಯವೇ?

ಬ್ರಿಟಿಷ್ ವಿನ್ಯಾಸಕರು ಇದಕ್ಕೆ ಕಂಡುಕೊಂಡ ಪರಿಹಾರವು ಸರಳವಾದುದು. ನೂರು ಬಿಂದುಗಳ ಸಂಪರ್ಕಪಂಕ್ತಿಯನ್ನು ಕಪಾಟಿಗೆ ಬಿಗಿದು ಅದರ ತಂತಿಗಳನ್ನು ಶಾಶ್ವತವಾಗಿ ಬೆಸುಗೆ ಹಾಕಿದರು. ಚಲಿಸುವ ಯಂತ್ರಭಾಗವನ್ನು ಮಾತ್ರ ಲೋಹದ ಹಿಡಿಕೆಗಳೊಳಗೆ ತೂರಿಸುವಂತೆ ರಚಿಸಿದರು. ಯಂತ್ರವನ್ನು ಎಳೆದರೆ ಸಂಪರ್ಕವು ತಾನಾಗಿ ಕಳಚುತ್ತದೆ. ಮತ್ತೊಂದನ್ನು ತಳ್ಳಿದರೆ ತಾನಾಗಿ ಕೂಡುತ್ತದೆ. ಯಾವ ಕೇಬಲ್ಲೂ ಅಲುಗುವುದಿಲ್ಲ. ಆದರೂ ಯಂತ್ರದ ಒಳಗೆ, ತಿರುಗುವ ಕುಂಚಗಳಿಗೆ, ಮೃದುವಾದ ಸಣ್ಣ ಹುರಿಗಳು ಉಳಿದೇ ಉಳಿದುವು. ಸಮಸ್ಯೆಯು ನಾಶವಾಗದೆ ಚಿಕ್ಕದಾಗಿ ಒಳಸರಿಯಿತೆನ್ನಬಹುದು.

ಇದೇ ತತ್ತ್ವವು ಅಧಿಕ ವಿದ್ಯುದ್ಬಲದ ಕ್ಷೇತ್ರದಲ್ಲಿ ಪ್ರಾಣರಕ್ಷಣೆಯ ಸಾಧನವಾಯಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಹೆಬ್ಬರ್ನ್ ಊರಿನ ರೇರೋಲ್ ಸಂಸ್ಥೆಯಲ್ಲಿ ಹೆನ್ರಿ ಕ್ಲೋದಿಯರ್ ರೂಪಿಸಿದ ಲೋಹಾವೃತ ಸ್ವಿಚ್ಚುಗಳನ್ನು ಸ್ಥಿರ ಭಾಗದಿಂದ ಪೂರ್ತಿಯಾಗಿ ಹೊರಕ್ಕೆ ಎಳೆಯಬಹುದಾಗಿತ್ತು. ಎಳೆದೊಡನೆ ವಿದ್ಯುತ್ ಮಾರ್ಗವು ಕಣ್ಣಿಗೆ ಕಾಣುವಂತೆ ಬೇರ್ಪಡುತ್ತದೆ. ದುರಸ್ತಿಗೆ ಕೈಹಾಕುವವನು ಬೇರೊಬ್ಬರ ಮಾತನ್ನು ನಂಬಿ ಪ್ರಾಣವನ್ನು ಪಣಕ್ಕಿಡಬೇಕಾಗಿಲ್ಲ. ಅಂತರವನ್ನು ತಾನೇ ನೋಡಬಹುದು.

ಭಾರತದಲ್ಲಿ ಕಲ್ಕತ್ತ, ಬೊಂಬಾಯಿ ಮತ್ತು ಮದರಾಸುಗಳಲ್ಲಿ 1882ರ ಜನವರಿಯಲ್ಲಿ ಟೆಲಿಫೋನ್ ಕೇಂದ್ರಗಳು ತೆರೆದುವು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯು ಬ್ರಿಟಿಷ್ ಸಹಯೋಗದಿಂದ ಸ್ಟ್ರೋಜರ್ ಸಲಕರಣೆಗಳನ್ನು ತಯಾರಿಸತೊಡಗಿತು. ಹೀಗೆ ಈ ತತ್ತ್ವವು ಕನ್ನಡನಾಡಿನ ಕಾರ್ಖಾನೆಯೊಳಕ್ಕೂ ಬಂದಿತು. ನಮ್ಮ ಕೈಗಾರಿಕಾ ಚರಿತ್ರೆಯನ್ನು ಬರೆಯುವಾಗ ಯಂತ್ರದ ವಿನ್ಯಾಸದೊಡನೆ ಈ ತಂತಿಗೆಲಸದ ಕೌಶಲವನ್ನೂ ಗಣನೆಗೆ ತೆಗೆದುಕೊಳ್ಳಬೇಕಾದುದು ನ್ಯಾಯ.

3. ಗಣಕಯಂತ್ರ ಮತ್ತು ಹತ್ತೊಂಬತ್ತು ಅಂಗುಲದ ಚೌಕಟ್ಟು

ಉಪಕರಣಗಳ ಮುಖಫಲಕಕ್ಕೆ 19 ಅಂಗುಲದ, ಎಂದರೆ 482.6 ಮಿಲಿಮೀಟರಿನ, ಅಗಲವನ್ನು ನಿಗದಿಮಾಡಿದ ಚೌಕಟ್ಟು ಅಮೆರಿಕದ ಟೆಲಿಫೋನ್ ಕೇಂದ್ರಗಳಲ್ಲಿ 1920ರ ದಶಕದಲ್ಲಿ ರೂಢಿಗೆ ಬಂದಿತು. ರಿಲೇ ಚೌಕಟ್ಟೆಂಬ ಅದರ ಹೆಸರೇ ಅದರ ಮೂಲವನ್ನು ಸೂಚಿಸುತ್ತದೆ. ಎತ್ತರಕ್ಕೂ 1.75 ಅಂಗುಲದ ಮಾನವು ಏರ್ಪಟ್ಟಿತು. ಬೇರೆ ಬೇರೆ ತಯಾರಕರ ಉಪಕರಣಗಳು ಒಂದೇ ಕಂಬಕ್ಕೆ ಹೊಂದುವಂತಾದುದು ಇದರ ಲಾಭ. ಆದರೆ ಈ ಮಾನವು ಉಪಕರಣದ ಮುಖಕ್ಕೆ ವಿಧಿಸಿದ ನಿಯಮವೇ ಹೊರತು ಬೆನ್ನಿಗೆ ವಿಧಿಸಿದುದಲ್ಲ. ಮುಂಭಾಗದಲ್ಲಿ ಶಿಸ್ತೂ ಹಿಂಭಾಗದಲ್ಲಿ ಅರಾಜಕತೆಯೂ ಜೊತೆಜೊತೆಯಾಗಿ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

1946ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಗಣಕದಲ್ಲಿ ಕೇಬಲ್ಲು ಹೊಸದೊಂದು ಪಾತ್ರವನ್ನು ವಹಿಸಿತು. ಸುಮಾರು 18,000 ನಿರ್ವಾತ ಕೊಳವೆಗಳ ಆ ಯಂತ್ರಕ್ಕೆ ಹೊಸ ಲೆಕ್ಕವನ್ನು ಒಪ್ಪಿಸಬೇಕಾದರೆ ಕೇಬಲ್ಲುಗಳನ್ನು ಕಿತ್ತು ಬೇರೆಡೆಗೆ ಚುಚ್ಚಿ, ಸ್ವಿಚ್ಚುಗಳನ್ನು ತಿರುಗಿಸಬೇಕಾಗಿತ್ತು. ಇದಕ್ಕೆ ದಿನಗಳೇ ಹಿಡಿಯುತ್ತಿದ್ದುವು. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್ ಎಂಬ ಆರು ಮಹಿಳೆಯರು ಈ ಕಾರ್ಯವನ್ನು ನೆರವೇರಿಸಿದರು. ಅವರ ಹೆಸರುಗಳು ದಶಕಗಳ ಕಾಲ ಮರೆಯಾಗಿದ್ದುದು ಆಕಸ್ಮಿಕವಲ್ಲ: ತಂತಿಯನ್ನು ಜೋಡಿಸುವುದು ಬುದ್ಧಿಯ ಕೆಲಸವಲ್ಲವೆಂಬ ತಪ್ಪು ಭಾವನೆಯೇ ಅದರ ಹಿಂದೆ ಇದ್ದಿತು. 1948ರಲ್ಲಿ ಆದೇಶಗಳನ್ನು ಯಂತ್ರದಲ್ಲಿಯೇ ಸಂಗ್ರಹಿಸುವ ಕ್ರಮಕ್ಕೆ ಎನಿಯಾಕನ್ನು ಮಾರ್ಪಡಿಸಿದ ಮೇಲೆ ಈ ಪಾತ್ರವು ಕೊನೆಗಂಡಿತು.

4. ಜೊತೆಗೆ ಚಲಿಸುವ ಕೇಬಲ್ಲು

ಕೆಲವು ಉಪಕರಣಗಳನ್ನು ನಿಲ್ಲಿಸುವಂತಿಲ್ಲ; ವಿದ್ಯುತ್ತು ಹರಿಯುತ್ತಿರುವಾಗಲೇ ಹೊರಗೆಳೆದು ಪರೀಕ್ಷಿಸಬೇಕು. ಅಂತಹ ಕಡೆ ಕೇಬಲ್ಲನ್ನು ಕಳಚುವುದಕ್ಕೆ ಬದಲಾಗಿ ಅದಕ್ಕೆ ಮಡಚುವುದನ್ನು ಕಲಿಸಬೇಕಾಯಿತು. ಯಂತ್ರೋಪಕರಣಗಳ ಕ್ಷೇತ್ರದಲ್ಲಿ 1953ರಲ್ಲಿ ಜರ್ಮನಿಯ ಗಿಲ್ಬರ್ಟ್ ವಾನಿಂಗರ್ ಕೇಬಲ್ಲುಗಳನ್ನು ಹೊತ್ತೊಯ್ಯುವ ಉಕ್ಕಿನ ಸರಪಳಿಯನ್ನು ರೂಪಿಸಿದನು. ಚೌಕಟ್ಟುಗಳಲ್ಲಿ ಇದೇ ಉದ್ದೇಶವನ್ನು ಮೊಣಕೈಯಂತೆ ಮಡಚುವ ಲೋಹದ ತೋಳು ಈಡೇರಿಸುತ್ತದೆ. ತೋಳಿನ ಒಂದು ತುದಿ ಚೌಕಟ್ಟಿನ ಹಿಂಬದಿಗೂ ಮತ್ತೊಂದು ಉಪಕರಣದ ಬೆನ್ನಿಗೂ ಸೇರಿರುತ್ತದೆ. ಕೇಬಲ್ಲು ತೋಳಿನ ಗುಂಟ ಸಾಗಿ, ಕೀಲುಗಳ ಬಳಿಯಲ್ಲಿ ಮಾತ್ರ ಸಡಿಲವಾದ ಬಾಗುಗಳನ್ನು ಹೊಂದಿರುತ್ತದೆ. ಬಾಗು ಅತಿಯಾಗಿ ಕಿರಿದಾದರೆ ಒಳಗಿನ ಎಳೆಗಳು ತುಂಡಾಗುತ್ತವೆ. ಕಟ್ಟು ಅತಿಯಾಗಿ ಬಿಗಿಯಾದರೆ ಹೊದಿಕೆಯು ಸೀಳುತ್ತದೆ.

ಈ ಪರಿಹಾರಕ್ಕೂ ತೆರಬೇಕಾದ ಬೆಲೆಯುಂಟು. ಇಂದಿನ ಗಣಕಾಗಾರಗಳಲ್ಲಿ ಉಪಕರಣದ ಬಿಸಿಗಾಳಿಯು ಹಿಂಬದಿಯಿಂದಲೇ ಹೊರಹೋಗಬೇಕು. ತೋಳೂ ಅದರ ಮೇಲಣ ಕಂತೆಯೂ ಅದಕ್ಕೆ ಅಡ್ಡನಿಲ್ಲುತ್ತವೆ. ಆದುದರಿಂದ ಕೆಲವೆಡೆ ತೋಳನ್ನೇ ಬಿಟ್ಟು, ಉಪಕರಣವನ್ನು ನಿಲ್ಲಿಸಿ ಕೇಬಲ್ಲುಗಳನ್ನು ಕಳಚಿದ ಮೇಲೆಯೇ ಎಳೆಯುವ ಹಳೆಯ ಕ್ರಮಕ್ಕೆ ಮರಳಿರುವುದುಂಟು.

ಚಲಿಸುವ ಭಾಗದ ಬಳಿ ಕೇಬಲ್ಲನ್ನು ಅಲಕ್ಷ್ಯದಿಂದ ಹಾಯಿಸಿದರೆ ಎಂತಹ ಅಪಾಯವಿದೆಯೆಂಬುದಕ್ಕೆ 1967ರ ಜನವರಿ 27ರ ದುರಂತವು ನಿದರ್ಶನ. ಅಂದು ನೆಲದ ಮೇಲಿನ ಪರೀಕ್ಷೆಯಲ್ಲಿ ಅಪೋಲೋ 1 ನೌಕೆಯೊಳಗೆ ಬೆಂಕಿ ಹತ್ತಿ ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಗಗನಯಾತ್ರಿಗಳು ಮೃತರಾದರು. ಕಿಡಿಯ ನಿಶ್ಚಿತ ಸ್ಥಾನವನ್ನು ವಿಚಾರಣಾ ಮಂಡಳಿಯು ಗೊತ್ತುಪಡಿಸಲಾಗಲಿಲ್ಲ. ಆದರೆ ತಂತಿಗಳ ಜೋಡಣೆಯಲ್ಲಿ ಲೋಪಗಳಿದ್ದುವೆಂದು ಅದು ಕಂಡಿತು. ಸಣ್ಣ ಬಾಗಿಲೊಂದು ಮತ್ತೆ ಮತ್ತೆ ತೆರೆದು ಮುಚ್ಚುವಾಗ ತಂತಿಯ ಹೊದಿಕೆಯನ್ನು ಉಜ್ಜಿ ಸವೆಸಿರಬಹುದಾದ ಎಡೆಯೂ ಶಂಕಿತ ಸ್ಥಾನಗಳಲ್ಲಿ ಸೇರಿದ್ದಿತು. ಶುದ್ಧ ಆಮ್ಲಜನಕವೂ ಒಳಮುಖವಾಗಿ ತೆರೆಯುವ ದ್ವಾರವೂ ಅನಾಹುತವನ್ನು ಮಾರಕವಾಗಿಸಿದುವೆಂಬುದನ್ನು ಮರೆಯಲಾಗದು.

ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಮೂರು ಪರಿಹಾರಗಳೂ ಒಂದರ ತರುವಾಯ ಒಂದು ಬಂದು ಹಿಂದಿನದನ್ನು ಅಳಿಸಿದುವಲ್ಲ. ಅವು ಇಂದಿಗೂ ಒಂದೇ ಕೊಠಡಿಯಲ್ಲಿ ಕೂಡಿ ಬಾಳುತ್ತಿವೆ. ಹಳೆಯದು ಅಳಿದು ಹೊಸದು ನಿಲ್ಲುತ್ತದೆಂಬ ನೇರವಾದ ಪ್ರಗತಿಯ ಕಥನವು ಇಲ್ಲಿ ಸಲ್ಲದು. ಎರಡನೆಯದಾಗಿ, ಕೇಬಲ್ಲುಗಳ ಕ್ರಮವು ಕೇವಲ ಅಂದಚೆಂದದ ಮಾತಲ್ಲ. ಮುಂದೆ ಬರುವ ಅಪರಿಚಿತ ದುರಸ್ತಿಗಾರನ ವೇಳೆಯನ್ನೂ ಕೈಗಳನ್ನೂ ಪ್ರಾಣವನ್ನೂ ಇಂದಿನ ಜೋಡಣೆಗಾರನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡನೆಂಬುದಕ್ಕೆ ಅದು ಸಾಕ್ಷಿ. ಶಾಸನವನ್ನೂ ದಸ್ತಾವೇಜನ್ನೂ ಓದುವ ಶ್ರದ್ಧೆಯಿಂದಲೇ ಯಂತ್ರದ ಬೆನ್ನನ್ನೂ ಓದುವುದನ್ನು ನಮ್ಮ ವಿದ್ಯಾರ್ಥಿಗಳು ಅಭ್ಯಾಸಮಾಡಿದರೆ, ಕೈಗಾರಿಕಾ ಯುಗದ ಚರಿತ್ರೆಯಲ್ಲಿ ಇದುವರೆಗೆ ಹೆಸರಿಲ್ಲದೆ ಉಳಿದ ಅನೇಕರ ಶ್ರಮಕ್ಕೆ ಯುಕ್ತವಾದ ಸ್ಥಾನವು ದೊರೆಯುವುದು.