ಕಲಬುರಗಿ ಕಾಲಡಿಯ ಜ್ವಾಲಾಮುಖಿ

ಇಂಡೋನೇಷ್ಯಾದಲ್ಲೋ ಇಟಲಿಯಲ್ಲೋ ಜ್ವಾಲಾಮುಖಿ ಉಗುಳಿದರೆ ಸಾಕು, ಟಿವಿ ಪರದೆ ದಿನವಿಡೀ ಕೆಂಪಾಗುತ್ತೆ. ನಾವು ತೋರಿಸ್ತೀವಿ, ನೀವು ನೋಡ್ತೀರಿ. ಆದರೆ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಲ್ಲಿ ಹೋಗುವಾಗ ಕಿಟಕಿಯಾಚೆ ಕಾಣೋ ಕರಿ ಹೊಲಗಳೂ ಜ್ವಾಲಾಮುಖಿಯ ಕೊಡುಗೆಯೇ ಅಂತ ಎಷ್ಟು ಜನಕ್ಕೆ ಗೊತ್ತು?

ಕ್ರಿ.ಶ. 79ರಲ್ಲಿ ವೆಸೂವಿಯಸ್ ಪಾಂಪೇ ನಗರವನ್ನೇ ಬೂದಿಯಲ್ಲಿ ಹೂತುಹಾಕಿತು. 1815ರಲ್ಲಿ ತಂಬೋರಾ ಸಿಡಿಯಿತು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯ್ತು. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿಯಲ್ಲಿ ಆದದ್ದೇ ಬೇರೆ. ಅಲ್ಲಿ ನೆಲವೇ ಉದ್ದಕ್ಕೆ ಸೀಳಿ, ಎಂಟು ತಿಂಗಳು ಲಾವಾ ಹರಿಯಿತು. ಆ ದೇಶದ ಐದರಲ್ಲಿ ಒಂದು ಪಾಲು ಜನ ಬರಗಾಲಕ್ಕೆ ಬಲಿಯಾದರು.

ನಮ್ಮ ಕಥೆಯೂ ಲಾಕಿಯ ಜಾತಿಯದ್ದೇ. ಗಾತ್ರ ಮಾತ್ರ ಊಹೆಗೆ ಮೀರಿದ್ದು. ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲದಲ್ಲೇ, ದಖ್ಖನ್ನಿನ ನೆಲ ಬಿರುಕು ಬಿಟ್ಟು ಲಾವಾ ಹರಿಯಿತು. ಲಾಕಿ ಉಗುಳಿದ್ದು ಸುಮಾರು 15 ಘನ ಕಿ.ಮೀ. ದಖ್ಖನ್ನಿನದು ಹತ್ತು ಲಕ್ಷ ಘನ ಕಿ.ಮೀ.ಗೂ ಹೆಚ್ಚು ಅಂತ ಅಂದಾಜು! ಸವೆದು ಉಳಿದದ್ದೇ ಇವತ್ತಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಹಾಸಿಕೊಂಡಿದೆ. ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ ಅದು ಎರಡು ಕಿ.ಮೀ. ದಪ್ಪ. ನಮ್ಮ ಕಲಬುರಗಿ ಇರೋದು ಅದರ ದಕ್ಷಿಣದ ಅಂಚಿನಲ್ಲಿ, ಇಲ್ಲಿ ಪದರ ತೆಳು. ಅದಕ್ಕೇ ಶಹಾಬಾದಿನಲ್ಲಿ ಲಾವಾಕ್ಕಿಂತ ಎಷ್ಟೋ ಹಳೆಯದಾದ ಸುಣ್ಣದ ಕಲ್ಲು ಮೇಲೆ ಕಾಣುತ್ತೆ. ನಿಮ್ಮ ಮನೆಗೆ ಹಾಸಿರೋ ಶಹಾಬಾದ್ ಕಲ್ಲು ಅದೇ.

ಲಾವಾ ಒಂದೇ ಸಲಕ್ಕೆ ಹರಿದದ್ದಲ್ಲ. ಹರಿದು, ತಣಿದು, ಸಾವಿರಾರು ವರ್ಷ ಬಿಟ್ಟು ಮತ್ತೆ ಹರಿಯಿತು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಹತ್ತಿರ ಎರಡು ಲಾವಾ ಪದರಗಳ ನಡುವೆ ಹಳೇ ಕೆರೆಯ ಕೆಸರು ಸಿಕ್ಕಿದೆ, ಅದರೊಳಗೆ ಪಳೆಯುಳಿಕೆಗಳೂ ಇವೆ. ಅಂದರೆ ಎರಡು ಬೆಂಕಿಯ ಮಧ್ಯೆ ಇಲ್ಲಿ ನೀರಿತ್ತು, ಜೀವ ಇತ್ತು.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಭೂಮಿ ಗುಡುಗಿ ನಡುಗಿದಾಗ ಜನ ರಾತ್ರಿ ಮನೆ ಹೊರಗೆ ಕಳೆದರು. ಆ ಭಯ ಸುಳ್ಳಲ್ಲ. 1993ರ ಕಿಲ್ಲಾರಿ ಭೂಕಂಪ ಈ ಭಾಗ ಮರೆತಿಲ್ಲ. ಆದರೆ ಒಂದು ಮಾತು ಸ್ಪಷ್ಟ ಇರಲಿ: ಇಲ್ಲಿ ಜ್ವಾಲಾಮುಖಿ ಮತ್ತೆ ಏಳುತ್ತೆ ಅನ್ನೋದು ಬರೀ ಗಾಳಿಮಾತು. ಆ ಬೆಂಕಿ ಆರಿ ಕೋಟಿಗಟ್ಟಲೆ ವರ್ಷವಾಯ್ತು.

ನಿಜವಾದ ಆತಂಕ ಬೇರೆ ಇದೆ. ಆ ಕರಿಕಲ್ಲು ಮಳೆ-ಬಿಸಿಲಿಗೆ ಕರಗಿ ಎರಿ ಮಣ್ಣಾಯ್ತು. ಮಳೆ ನೀರು ಹೀರಿ ತಿಂಗಳುಗಟ್ಟಲೆ ಹಿಡಿದಿಡೋ ಮಣ್ಣದು. ತೊಗರಿ ಬೇರು ಆಳಕ್ಕಿಳಿದು ಆ ತೇವ ಕುಡಿಯುತ್ತೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ಈ ನೆಲದಿಂದ. ಕಮಲಾಪುರದ ಕೆಂಪು ಬಾಳೆಗೂ ಆ ಮಾನ್ಯತೆ ಇದೆ.

ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಒಡ್ಡು ಒಡೆದ ಹೊಲದಿಂದ ಅದು ಕೊಚ್ಚಿಹೋಗೋಕೆ ನಾಲ್ಕು ಜೋರು ಮಳೆ ಸಾಕು. ಮಣ್ಣು ಹೋದ ಮೇಲೆ ಉಳಿಯೋದು ಮಡ್ಡಿ, ಬರೀ ಕಲ್ಲು. ಒಡ್ಡು ಹಾಕೋದು ರೈತನೊಬ್ಬನ ಪಾಡು ಅಂತ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಹಾಕಿದ ಒಡ್ಡು ಕಾಯದೆ ರೈತನೂ ಬಿಡುವಂತಿಲ್ಲ.

ಬೆಂಕಿ ಕೊಟ್ಟ ಆಸ್ತಿಯನ್ನ ನೀರಿಗೆ ಬಿಡಬೇಡಿ.